ಟಾಂಗಾದವನು ಕೇಳಬಾರದ ಮಾತು

ಮಕ್ಕಳೇ, ಆಟೋದವನು "ಎಲ್ಲಿಗ್ರಿ?" ಎಂದು ಕೇಳಿದಾಗಲೆಲ್ಲ ನನಗೆ ತಿರುಗಿ ಮನೆಯೊಳಗೆ ಹೋಗಿ, ಒಂದು ಗುಟುಕು ನೀರು ಕುಡಿದು ಬರಬೇಕೆನಿಸುತ್ತದೆ. ನೀವು ನಗುತ್ತೀರಿ. ನಗಿರಿ. ನಾನು ಹಳ್ಳಿಯ ಸಾಲೆಯಲ್ಲಿ ಓದಿದವಳು ನಿಜ, ಆದರೆ ಈ ಪಾಠ ಸಾಲೆಯದಲ್ಲ. ನಮ್ಮ ಅತ್ತೆಯದು, ಅಂದರೆ ನಿಮ್ಮ ಮುತ್ತಜ್ಜಿಯದು. ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಅವರ ಗಟ್ಟಿ ನಂಬಿಕೆ. ಅಡ್ಡ ಬಂದ ಬೆಕ್ಕಿಗೆ, ಒಂಟಿ ಸೀನಿಗೆ ಶಕುನಶಾಸ್ತ್ರದಲ್ಲಿ ಪರಿಹಾರವಿದೆ. ಬಾಡಿಗೆ ಗಾಡಿಯವನಿಗೆ ಇಲ್ಲ. ಶಾಸ್ತ್ರ ಬರೆದವರೆಲ್ಲ ಸ್ವಂತ ಚಕ್ಕಡಿ ಇದ್ದವರೇ ಇರಬೇಕು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನಾವು ಉಣಕಲ್ಲಿನಲ್ಲಿದ್ದೆವು. ಹುಬ್ಬಳ್ಳಿಯ ಬಸ್ಸು ಹತ್ತಿರದಲ್ಲೇ ನಿಲ್ಲುತ್ತಿತ್ತು, ಆದರೆ ಅದರ ಮೆಟ್ಟಿಲಿಗೆ ಅತ್ತೆ ಒಂದು ಕಾಲಿಡುವಷ್ಟರಲ್ಲಿ ಕಂಡಕ್ಟರ ಗಂಟೆ ಬಾರಿಸಿಬಿಡುತ್ತಿದ್ದ. ಇನ್ನೊಂದು ಕಾಲಿಗೆ ಕಾಯುವ ಬಸ್ಸು ಆಗಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ಓಣಿಯ ಮುದುಕರಿಗೆಲ್ಲ ಇಮಾಮಸಾಬನ ಟಾಂಗಾವೇ ಗತಿ. ಬಾಗಿಲಿಗೇ ಬರುತ್ತಿದ್ದ, ಕೈಹಿಡಿದು ಹತ್ತಿಸುತ್ತಿದ್ದ. ಒಂದೇ ದೋಷ, "ಎಲ್ಲಿಗ್ರಿ ಅವ್ವಾರ?" ಎನ್ನುತ್ತಿದ್ದ. ಅತ್ತೆ ಇಳಿದು ಒಳಗೆ ಹೋಗಿ ಕೂತು, ನೀರು ಕುಡಿದು, ಹೊಸದಾಗಿ ಹೊರಡುವರು. ಅವನು ಮರೆತು ಮತ್ತೆ ಕೇಳುವನು. ಇದರಿಂದ ಸುಖಪಟ್ಟದ್ದು ಕುದುರೆ ಮಾತ್ರ.

ಕೊನೆಗೆ ಬೇಸತ್ತು ಅವನೇ ಅಂದ, "ನಾ ಬಾಯಿ ಬಿಡೂದಿಲ್ರಿ. ಹೋಗೂ ಜಾಗಾದ ಗುರ್ತು ಬಾಗಲಾ ಗೂಟಕ್ಕ ತೂಗಹಾಕ್ರಿ, ಸಾಕು."

ತೆಂಗಿನಕಾಯಿ ತೂಗಿದರೆ ಮಠ. ಬಾಟ್ಲಿ ತೂಗಿದರೆ ದವಾಖಾನೆ, ಏಕೆಂದರೆ ಔಷಧಕ್ಕೆ ಬಾಟ್ಲಿಯನ್ನು ನಾವೇ ಒಯ್ಯಬೇಕಿತ್ತು. ರೊಟ್ಟಿಯ ಗಂಟು ತೂಗಿದರೆ ಬೆಂಗೇರಿಯಲ್ಲಿದ್ದ ಅತ್ತೆಯ ಅಕ್ಕನ ಮನೆ. ಓಣಿಯವರೆಲ್ಲ ಇದನ್ನೇ ಹಿಡಿದರು. ಬೆಳಗಾದರೆ ಬಾಗಿಲುಗಳೆಲ್ಲ ಸಂತೆಯ ಅಂಗಡಿ! ಪರಗಂಡಸಿನೊಡನೆ ಮಾತಾಡುವುದು ತಪ್ಪಿತೆಂದು, ಅತ್ತೆಯ ಜೊತೆಗೆ ಹೋಗುತ್ತಿದ್ದ ಎಳೆಯ ಸೊಸೆ ನನಗೂ ಹಿಗ್ಗು.

ಹೀಗಿರಲು ಅತ್ತೆಯ ಆ ಅಕ್ಕನನ್ನು, ಬೆಂಗೇರಿಯ ದೊಡ್ಡವ್ವನನ್ನು, ಅವರ ಮಗ ಸೊಲ್ಲಾಪುರಕ್ಕೆ ಕರೆದೊಯ್ಯುವುದೆಂದಾಯಿತು. ಮಧ್ಯಾಹ್ನದ ರೈಲು. ಹೋದರೆ ಅಕ್ಕತಂಗಿಯರ ಭೆಟ್ಟಿ ಮತ್ತೆ ಯಾವಾಗಲೋ. ಆ ಬೆಳಗ್ಗೆ ರೊಟ್ಟಿ ಬಿಸಿಯಿದ್ದವೆಂದು ಗಂಟನ್ನು ನಾನು ಮಡಿಲಲ್ಲಿಟ್ಟುಕೊಂಡೆ. ಅಕ್ಕನಿಗೆಂದು ಕಾಸಿದ ತುಪ್ಪದ ಬಾಟ್ಲಿ ಮರೆತುಹೋದೀತೆಂದು ಅತ್ತೆ ಅದನ್ನು ಗೂಟಕ್ಕೆ ಹಾಕಿದರು. ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಬೆಂಗೇರಿಯ ತಿರುವು ಬಂತು. ಟಾಂಗಾ ತಿರುಗದೆ ನೆಟ್ಟಗೆ ದವಾಖಾನೆಯ ಕಡೆ ಓಡಿತು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರ ಕಣ್ಣು ತುಂಬಿದ್ದೇ ತಡ, ನನ್ನ ಬಾಯಿಂದ ನನಗೇ ಗುರುತು ಸಿಗದ ದನಿ ಹೊರಟಿತು.

"ಇಮಾಮಣ್ಣಾ, ಬೆಂಗೇರಿಗೆ! ದೊಡ್ಡವ್ವನ ಮನಿಗೆ! ಲಗೂ ಹೊಡೀರಿ!"

ಕುದುರೆಯೂ ಬೆಚ್ಚಿತು. "ಬಾಟ್ಲಿ ಹಾಕಿದ್ರಲ್ರಿ ಅವ್ವಾರ?"

"ತುಪ್ಪದ ಬಾಟ್ಲಿ ಅದು!" ಎಂದರು ಅತ್ತೆ. "ಕಣ್ಣು ಅದಾವೋ ಇಲ್ಲೋ?"

ಟಾಂಗಾ ತಿರುಗಿತು. ನಾನು ತಲೆ ತಗ್ಗಿಸಿ, "ಶಕುನಾ ಕೆಡಿಸಿದ್ನೇನ್ರಿ ಅತ್ತಿ?" ಎಂದೆ.

"ಹುಚ್ಚಿ, ಕೇಳಬಾರದು ಅಂತ ಐತಿ. ಹೇಳಬಾರದು ಅಂತ ಯಾರ ಅಂದಾರ?"

ಇಮಾಮಸಾಬ ಲಗಾಮು ಹಿಡಿದೇ ಹೊಳ್ಳಿ ನೋಡಿದ. "ಹಂಗಂದ್ರ ಮೊದಲಽ ಹೇಳಬೇಕಿತ್ತಲ್ರಿ!"

"ನೀ ಎಲ್ಲೆ ಹೇಳಾಕ ಬಿಟ್ಟಿ? ಏರೂದರಾಗ ಕೇಳತಿದ್ದಿ!"

ದೊಡ್ಡವ್ವ ಟ್ರಂಕಿನ ಪಕ್ಕ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕತಂಗಿಯರು ಮೊದಲು ತಡವಾಯಿತೆಂದು ಜಗಳಾಡಿದರು, ಆಮೇಲೆ ಒಂದೇ ತಾಟಿನಲ್ಲಿ ರೊಟ್ಟಿ ತಿಂದು ಯಾವುದೋ ಬಾಲ್ಯದ ಮಾತಿಗೆ ಕೆಮ್ಮು ಬರುವಷ್ಟು ನಕ್ಕರು. ಸ್ಟೇಷನ್ನಿಗೂ ಇಮಾಮಸಾಬನೇ ಬಿಟ್ಟುಬಂದ.

ಅಂದಿನಿಂದ ಓಣಿಯ ಮುದುಕರು ಟಾಂಗಾ ಕಂಡೊಡನೆ ತಾವೇ ಹೇಳತೊಡಗಿದರು. ಊರೊಂದನ್ನೇ ಅಲ್ಲ, ಯಾರ ಮನೆಗೆ, ಯಾಕೆ, ಅಲ್ಲಿ ಯಾವ ಸೊಸೆಯ ಮೇಲೆ ಸಿಟ್ಟು, ಯಾರಿಗೆ ಮಗು ಹುಟ್ಟಿತು, ಎಲ್ಲವನ್ನೂ. ಅವನು ಹೂಂಗುಟ್ಟುತ್ತ ನಿಲ್ಲುವನು. ಮುಟ್ಟುವುದಕ್ಕಿಂತ ಹೊರಡುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಯಾರೂ ದೂರಲಿಲ್ಲ. ಅದೇಕೆಂದು ಈಗ ಈ ವಯಸ್ಸಿನಲ್ಲಿ ನನಗೆ ತಿಳಿಯುತ್ತಿದೆ. ಎಲ್ಲಿಗೆ ಹೊರಟೆವೆಂದು ಹೇಳಿಕೊಳ್ಳಲು ಒಬ್ಬರು ಸಿಕ್ಕರೆ, ಗಾಲಿ ಉರುಳುವ ಮೊದಲೇ ಅರ್ಧ ದಾರಿ ಸುಖವಾಗಿ ಸವೆದಿರುತ್ತದೆ.