ಅತ್ತಿಗೆ ಎಳೆಯದ ಗೆರೆ

ನಮ್ಮ ಮನೆಯ ಬಾಗಿಲುಗಳಿಗಿಂತ ಅತ್ತಿಗೆ ಎತ್ತರವಿದ್ದರು. ಅಡುಗೆಮನೆಗೆ ಹೋಗುವಾಗ ತಲೆ ಬಗ್ಗಿಸುವುದನ್ನು ಮರೆತ ದಿನ ಹಣೆಯ ಮೇಲೆ, ವಿಭೂತಿಗಿಂತ ತುಸು ಮೇಲೆ, ಕೆಂಪಗೆ ಒಂದು ಬರೆ ಎದ್ದಿರುತ್ತಿತ್ತು. ಕೈಗಳೂ ಉದ್ದ. ರೊಟ್ಟಿ ಬಡಿಯುವಾಗ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತಾಗಲೂ ಅದೇ ಅಭ್ಯಾಸ.

ಮದುವೆಗೆ ಮೊದಲು ಅವರು ಹುಬ್ಬಳ್ಳಿಯಲ್ಲಿ ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿದ್ದರು. ಹೊಸಪೇಟೆಗೆ ಬಂದ ಮೇಲೆ ನಮ್ಮ ಪಡಸಾಲೆಯಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಸ್ವಂತ ಕೆಲಸ ಶುರು ಮಾಡಿದರು. ಗಣಿಯ ದಿನಗಳು ಅವು. ಊರಲ್ಲಿ ಎಲ್ಲರೂ ಏನಾದರೊಂದು ಕಟ್ಟಿಸುತ್ತಿದ್ದರು. ಕಿಟಕಿ ಮುಚ್ಚಿದ್ದರೂ ಸಂಜೆಯ ಹೊತ್ತಿಗೆ ಕೀಬೋರ್ಡಿನ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಅಣ್ಣನೂ ಲಾರಿ ಕೊಂಡು ಸಂಡೂರಿನ ಧಣಿಯೊಬ್ಬರ ಗಣಿಯಿಂದ ಅದಿರು ಹೊಡೆಯುತ್ತಿದ್ದ. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಒಂದು ದಿನ ಅತ್ತಿಗೆ ಎರಡನೇ ಕುರ್ಚಿಯನ್ನು ಎಳೆದು, "ಸುಮ್ನ ಯಾಕ ಕುಂತಿ? ಬಾ, ಪೈಪ್ ಎಳಿ" ಎಂದರು.

ನೀರಿನ ಪೈಪು ಎಳೆಯುವುದು ಸುಲಭ. ಕಷ್ಟವೆಲ್ಲ ಸಂಡಾಸು, ಬಚ್ಚಲಿನ ಪೈಪುಗಳದ್ದು. ಅವಕ್ಕೆ ಇಳಿಜಾರು ಬೇಕು. ಉದ್ದದ ಪೈಪೊಂದನ್ನು ಸರಿಯಾದ ಇಳಿಜಾರಿನಲ್ಲಿ ಹಾಸಿ, ಪಕ್ಕದಿಂದ ಬಚ್ಚಲಿನ ಕವಲನ್ನು ಜೋಡಿಸಲು ಹೋದರೆ ಸಾಕು, ಆ ಸಾಫ್ಟ್‌ವೇರ್ ಇಡೀ ಸಾಲನ್ನು ಸಪಾಟು ಮಾಡಿಬಿಡುತ್ತಿತ್ತು. ಇಲ್ಲವೇ ಜೋಡಿಸಲು ಆಗುವುದಿಲ್ಲವೆಂದು ಹಳದಿ ಚೌಕದಲ್ಲಿ ತಕರಾರು ತೆಗೆಯುತ್ತಿತ್ತು. ನಾನು ಸಿಟ್ಟಿಗೆದ್ದು ಇಲಿಯನ್ನು ಕುಟ್ಟುವವಳ ಹಾಗೆ ಮೌಸ್ ಕುಟ್ಟುತ್ತಿದ್ದೆ. ಅತ್ತಿಗೆ ಬಂದು ಜೋಡಣೆಗಳನ್ನೆಲ್ಲ ಅಳಿಸಿ, ಪೈಪು ಕೊನೆಗೆ ಎಲ್ಲಿ ಸೇರಬೇಕೋ ಅಲ್ಲಿಂದ ಹಿಂದಕ್ಕೆ ಎಳೆಯುತ್ತಾ ಬರುತ್ತಿದ್ದರು. "ಮ್ಯಾಲಿಂದ ನೋಡಬ್ಯಾಡ, ಮಗ್ಗಲಿಂದ ನೋಡು" ಎನ್ನುವುದು ಅವರ ಮಾತು. ಮೇಲಿನಿಂದ ನೋಡಿದರೆ ಎಲ್ಲ ಪೈಪೂ ಒಂದು ಗೆರೆ. ಮಗ್ಗುಲಿನ ಚಿತ್ರ ತೆರೆದಾಗಲೇ ಯಾವುದು ಏರಿದೆ, ಯಾವುದು ಇಳಿದಿದೆ ಎಂಬುದು ಕಾಣುತ್ತಿತ್ತು.

ಆ ಧಣಿ ಬಂಡ್ರಿ ಕಡೆಯ ದಾರಿಯಲ್ಲಿ ಕೂಲಿಯವರಿಗೆ ಮನೆಗಳ ಸಾಲು ಕಟ್ಟಿಸಲು ಹೊರಟಾಗ ನಕ್ಷೆಯ ಕೆಲಸ ನಮಗೆ ಬಂತು. ಮನೆಗಳೆಲ್ಲ ಸಲೀಸಾಗಿ ಆದವು. ಸಂಡಾಸಿನ ಪೈಪು ಮಾತ್ರ ಸೆಪ್ಟಿಕ್ ಟ್ಯಾಂಕಿಗೆ ಕೂಡಲೊಲ್ಲದು. ನನಗೆ ಗೊತ್ತಿದ್ದ ಉಪಾಯಗಳೆಲ್ಲ ಮುಗಿದವು. ಅತ್ತಿಗೆ ಎಂದಿನಂತೆ ಟ್ಯಾಂಕಿನಿಂದ ಹಿಂದಕ್ಕೆ ಎಳೆದರು. ಈ ಸಲ ಪೈಪು ಕೂಡಿತು. ಆದರೆ ಕೊನೆಯ ಸಾಲಿನ ಮನೆಗಳಿಗೆ ಬರುವಷ್ಟರಲ್ಲಿ ಸಂಡಾಸಿನ ನೆಲ ಬಿಟ್ಟು ಮೊಣಕಾಲೆತ್ತರಕ್ಕೆ, ಗಾಳಿಯಲ್ಲಿ ನಿಂತಿತ್ತು.

"ಇದು ಕಂಪ್ಯೂಟರ್ ತಪ್ಪಲ್ಲ. ಟ್ಯಾಂಕ್ ದಿನ್ನಿ ಮ್ಯಾಲೈತಿ ನೋಡು" ಎಂದರು.

ಟ್ಯಾಂಕು ಇರಬೇಕಾದ ತಗ್ಗಿನ ಕಡೆ ಧಣಿಯ ಗೆಸ್ಟ್ ಹೌಸ್ ಬರುವುದಿತ್ತು. ಅದಕ್ಕೆ ವಾಸನೆ ಬಡಿಯಬಾರದೆಂದು ಟ್ಯಾಂಕನ್ನು ಮೇಲಕ್ಕೆ ಸರಿಸಿದ್ದರು. ಆಳವಾಗಿ ತೋಡೋಣವೆಂದರೆ ಅಲ್ಲಿ ಬಂಡೆ.

ಗಣಿಯ ಮ್ಯಾನೇಜರು ನಕ್ಷೆ ಒಯ್ಯಲು ಬಂದರು. ವಿಷಯ ಕೇಳಿ ನಕ್ಕರು. "ಮೇಡಂ, ಆ ಸ್ಲೋಪ್ ತಗದು ಸೀದಾ ಒಂದು ಗೆರಿ ಎಳದು ಕೊಡ್ರಿ. ಪೇಪರ್ ಮ್ಯಾಲ ಯಾರು ನೋಡ್ತಾರ?"

"ಪೇಪರ್ ಮ್ಯಾಲ ಯಾರೂ ನೋಡಂಗಿಲ್ರಿ. ಮಳಿಗಾಲದಾಗ ಹೊಲಸು ಮನಿಯೊಳಗ ಬಂದಾಗ ನೋಡ್ತಾರ."

ಮ್ಯಾನೇಜರು ಚಹಾದ ಲೋಟ ಕೆಳಗಿಟ್ಟರು. "ನಿಮ್ಮ ಯಜಮಾನ್ರ ಲಾರಿ ನಮ್ಮಲ್ಲೇ ಓಡ್ತೈತಲ್ಲ ಮೇಡಂ" ಎಂದಷ್ಟೇ ಹೇಳಿ ಎದ್ದುಹೋದರು.

ಅಣ್ಣನಿಗೆ ಅದು ತಿಳಿದಾಗ ಮನೆಯಲ್ಲಿ ದೊಡ್ಡ ಜಗಳವಾಯಿತು. "ಒಂದು ಗೆರಿ ಎಳಿಯಾಕ ನಿನಗೇನು ಕಷ್ಟ?" ಎಂದು ಅವನು ಕೂಗಿದ. ಅತ್ತಿಗೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಮರುದಿನ ಬೆಳಿಗ್ಗೆ ಮಗ್ಗುಲಿನ ಚಿತ್ರವನ್ನು ಪ್ರಿಂಟ್ ತೆಗೆದು, ನನ್ನನ್ನೂ ಕರೆದುಕೊಂಡು ಸಂಡೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಲಾರಿಗಳ ಸಾಲು. ಸೆರಗಿನಿಂದ ಮೂಗು ಮುಚ್ಚಿಕೊಂಡು ಅವರು ಆ ಹಾಳೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದರು. ಅವರಿಗೆ ಹೆದರಿಕೆಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ಧಣಿ ಒರಟರಲ್ಲ. ನಮಗೆ ಕೂರಲು ಹೇಳಿ, ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಅಂದ್ರ ನನ್ನ ಗೆಸ್ಟ್ ಹೌಸ್ ಮುಂದ ಸಂಡಾಸಿನ ಟ್ಯಾಂಕ್ ಇಡಬೇಕಂತೀರೇನಮ್ಮ?"

"ಟ್ಯಾಂಕ್ ಅಲ್ಲೇ ಇಡ್ರಿ, ಇಲ್ಲಾ ಗೆಸ್ಟ್ ಹೌಸ್ ಮ್ಯಾಲಕ್ಕ ಒಯ್ರಿ. ನೀರು ಯಾರ ಮಾತೂ ಕೇಳಂಗಿಲ್ರಿ ಧಣಿ."

ಅವರು ಹಾಳೆಯನ್ನು ಮಡಚಿ ವಾಪಸು ಕೊಟ್ಟರು. "ಹೋಗಿ ಬರ್ರಿ" ಎಂದರು.

ಅದೇ ವಾರ ಅಣ್ಣನ ಲಾರಿಗೆ ಲೋಡು ನಿಂತಿತು. ನಕ್ಷೆಯ ಕೆಲಸ ಬೇರೆಯವರ ಪಾಲಾಯಿತು. ಧಣಿಗೆ ಹೆದರಿ ಬೇರೆ ಗಣಿಯವರೂ ಲೋಡು ಕೊಡದೆ, ಕೆಲವು ತಿಂಗಳು ಬಿಟ್ಟು ಅಣ್ಣ ಲಾರಿ ಮಾರಿದ. ಅದು ಹೋದ ದಿನ ಅವನು ಹೊರಗಿನ ಕಟ್ಟೆಯ ಮೇಲೆ ಕೂತೇ ಇದ್ದ. ಅತ್ತಿಗೆ ಊಟಕ್ಕೆ ಕರೆಯಲು ಹೋದವರು ತಾವೂ ಅವನ ಪಕ್ಕದಲ್ಲಿ ಕೂತುಬಿಟ್ಟರು.

ಮಳೆಗಾಲದಲ್ಲಿ ಮ್ಯಾನೇಜರು ಮತ್ತೆ ಬಂದರು. ಬೇರೆಯವರು ಮಾಡಿಕೊಟ್ಟ ನಕ್ಷೆಯಂತೆ ಪೈಪನ್ನು ಸಪಾಟಾಗಿ ಹಾಸಿದ್ದರು. ತಗ್ಗಿನ ಸಾಲಿನ ಮನೆಗಳಲ್ಲಿ ಹೊಲಸು ನೀರು ಉಕ್ಕಿ ಅಡುಗೆ ಒಲೆಯವರೆಗೆ ಬಂದಿತ್ತು. ಮಕ್ಕಳಿಗೆ ವಾಂತಿ ಭೇದಿ. ಸರಿಮಾಡಿ ಕೊಡಬೇಕೆಂದು ಧಣಿಯೇ ಹೇಳಿ ಕಳಿಸಿದ್ದರು. ಅತ್ತಿಗೆ ಈಗಲಾದರೂ ನಾಲ್ಕು ಮಾತು ಆಡುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು ಒಂದೇ: "ಮಕ್ಕಳನ್ನ ದವಾಖಾನಿಗೆ ಒಯ್ದೀರೇನ್ರಿ?" ಒಯ್ದಿದ್ದೇವೆ ಎಂದ ಮೇಲೆ ಬಳೆ ಸರಿಸಿಕೊಂಡು ಕೂತರು. ಆ ವರ್ಷ ಟ್ಯಾಂಕು ತಗ್ಗಿಗೆ ಬಂತು. ಗೆಸ್ಟ್ ಹೌಸ್ ದಿನ್ನೆಗೆ ಹೋಯಿತು. ಲಾರಿ ಮಾತ್ರ ವಾಪಸು ಬರಲಿಲ್ಲ.

ಮುಂದೆ ಗಣಿಗಳು ನಿಂತವು. ಊರಿನ ಲಾರಿಗಳೆಲ್ಲ ಬಯಲಲ್ಲಿ ತುಕ್ಕು ಹಿಡಿದವು. ಮೊದಲೇ ಮಾರಿದ್ದು ನಮ್ಮ ಅದೃಷ್ಟ ಎಂದು ಅಣ್ಣ ಕಂಡವರಿಗೆಲ್ಲ ಹೇಳತೊಡಗಿದ. ಅತ್ತಿಗೆ ಅದನ್ನು ಒಪ್ಪುತ್ತಿರಲಿಲ್ಲ. "ಅದೃಷ್ಟ ಅನ್ನಬ್ಯಾಡ್ರಿ. ಆವತ್ತು ಇಬ್ರೂ ಭಾಳ ಅತ್ತೀವಿ" ಎನ್ನುತ್ತಿದ್ದರು.

ನನ್ನನ್ನು ಕಂಪ್ಲಿಗೆ ಕೊಡುವ ಮಾತಾದಾಗ, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕಾಗುತ್ತದೆ ಎಂದು ಗಂಡಿನ ಕಡೆಯವರು ಅಂದರು. ನಮ್ಮವ್ವ ತಲೆಯಾಡಿಸುವಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದು, "ಕೆಲಸ ಅಕೀದು. ಅಕೀನ್ನ ಕೇಳ್ರಿ" ಎಂದರು. ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬಿಡುವುದಿಲ್ಲ ಎಂದೆ. ಸಂಬಂಧ ಮುರಿಯಲಿಲ್ಲ. ಮದುವೆಯಾಗಿ ಹೊರಟಾಗ ನನ್ನ ಕಂಪ್ಯೂಟರನ್ನು ಹಾಸಿಗೆ ಸುರುಳಿಯ ನಡುವೆ ಇಟ್ಟು ಕಟ್ಟಿಕೊಟ್ಟರು.

ಅವರಿಗೆ ಕ್ಯಾನ್ಸರ್ ಎಂದು ತಿಳಿದಾಗ ತಡವಾಗಿತ್ತು. ಕಡೆಯ ದಿನಗಳಲ್ಲಿ ಒಮ್ಮೆ ನಾನು ಮಧ್ಯಾಹ್ನವೇ ಹೊಸಪೇಟೆಗೆ ಬಂದಿದ್ದೆ. ಕಣ್ಣು ತೆರೆದು ನನ್ನನ್ನು ನೋಡಿದರು.

"ಇವತ್ತು ಕೆಲಸ ಇರಲಿಲ್ಲೇನು?"

"ಇತ್ತು ಅತ್ತಿಗಿ. ಬಿಟ್ಟು ಬಂದೆ."

"ಯಾಕ ಬಿಟ್ಟು ಬಂದಿ? ಹೋಗು. ಮುಗಿಸಿ ಬಾ."

ಸಂಜೆಯ ಬಸ್ಸಿಗೆ ಕಂಪ್ಲಿಗೆ ಹೋದೆ. ಮುಗಿಸಿದೆ. ಮರುದಿನ ಬಂದಾಗ ಮನೆಯ ಮುಂದೆ ಜನ ಸೇರಿದ್ದರು, ಅಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಅವನು ಕೇಳಿದ: "ಕೆಲಸ ಮುಗೀತೇನು? ಬೆಳಿಗ್ಗೆ ಎರಡು ಸಲ ಕೇಳಿದ್ಲು."