ಕೆಂಪು ಮಣ್ಣಿಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದಗಿನ ಬೆಟಗೇರಿಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತ ಮೂವತ್ತು ವರ್ಷ ಕಳೆದೆ. ಗಿರಾಕಿಗಳು ನನ್ನ ಕೈಯನ್ನು ಮೆಚ್ಚಿ ಬರುತ್ತಾರೆ, ಬಾಯಿಗೆ ಹೆದರಿ ಮಾರು ದೂರ ನಿಲ್ಲುತ್ತಾರೆ. ಆ ಬಾಯಿಯ ಬಗ್ಗೆ ನನಗೆ ಜಂಬವೂ ಇತ್ತು. ಹೋದ ಅಮಾವಾಸ್ಯೆಯ ಮರುದಿನ ಜಂಬ ಇಳಿಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಅವತ್ತು ಬೆಳಿಗ್ಗೆ ಡೋಣಿಯ ಅಕ್ಕನ ಫೋನ್ ಬಂತು. ಒಡಹುಟ್ಟಿದವಳಲ್ಲ, ತೀರಿಕೊಂಡ ಹಳೆಯ ಗಿರಾಕಿಯೊಬ್ಬರ ಹೆಂಡತಿ. ಅವರಿಗೆ ನಾನು ಮಾವ ಅನ್ನುತ್ತಿದ್ದೆ. ಅವರು ಬಿಟ್ಟುಹೋದ ಮುದಿ ಟ್ರ್ಯಾಕ್ಟರನ್ನು ಈಗ ಅವಳೇ ಓಡಿಸುತ್ತಾಳೆ.

"ತಮ್ಮಾ, ಟ್ರ್ಯಾಕ್ಟರ್ ಹೊಗಿ ಬಿಟ್ತಪಾ. ಸೈಲೆನ್ಸರಿನ್ಯಾಗಿಂದಲ್ಲ, ವಾಯರಿನ್ಯಾಗಿಂದ."

ಮೈ ಉರಿದುಹೋಯಿತು. ಹದಿನೈದು ದಿನದ ಹಿಂದಷ್ಟೇ ಆ ಟ್ರ್ಯಾಕ್ಟರನ್ನು ಆರು ವೋಲ್ಟಿನಿಂದ ಹನ್ನೆರಡಕ್ಕೆ ತಂದಿದ್ದೆ. ಹಳೇ ಡೈನಮೋ ಕಿತ್ತು ಆಲ್ಟರ್ನೇಟರ್ ಕೂಡಿಸಿದ್ದೆ. ಬಲ್ಬು, ವೈರು, ಬ್ಯಾಟರಿ ಎಲ್ಲ ಹೊಸವು. ಅದೇನು ಶೋಕಿಗೆ ಮಾಡಿಸಿದ್ದಲ್ಲ. ಆರು ವೋಲ್ಟಿಗೆ ಸೆಲ್ಫ್ ತಿರುಗುತ್ತಿರಲಿಲ್ಲ, ಮುಂದೆ ನಿಂತು ಹ್ಯಾಂಡಲ್ ಹೊಡೆದೇ ಚಾಲೂ ಮಾಡಬೇಕಿತ್ತು. ಹೋದ ವರ್ಷ ಆ ಹ್ಯಾಂಡಲ್ ಉಲ್ಟಾ ಬಡಿದು ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಅಂದಿನಿಂದ ದಿನಾ ಮೈದುನನ ಬಾಗಿಲಿಗೆ ಹೋಗಿ "ಒಂದ್ ಹ್ಯಾಂಡಲ್ ಹೊಡದು ಕೊಡಪಾ" ಅನ್ನಬೇಕು. ಅವನು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಬಿಸಿಲೇರಿದ ಮೇಲೆ ಬರುತ್ತಿದ್ದ. ಬಂದವನು "ಗುಜರಿಗೆ ಹಾಕ ಅತ್ತಿಗಿ ಇದನ್ನ" ಅಂತ ಒಂದು ಮಾತು ಒಗೆದೇ ಹೋಗುತ್ತಿದ್ದ. ಯಾರ ಬಾಗಿಲಿಗೂ ಹೋಗದೆ, ಗುಂಡಿ ಒತ್ತಿ, ತನ್ನ ಟ್ರ್ಯಾಕ್ಟರನ್ನು ತಾನೇ ಚಾಲೂ ಮಾಡಬೇಕು. ಅಕ್ಕನಿಗೆ ಬೇಕಿದ್ದದ್ದು ಅಷ್ಟೇ.

ಡಂಬಳ ದಾಟಿ ಡೋಣಿ ಮುಟ್ಟುವವರೆಗೂ ಬೈಕಿನ ಮೇಲೆ ಒಬ್ಬನೇ ಬೈಯುತ್ತ ಹೋದೆ. ಟ್ರ್ಯಾಕ್ಟರ್ ಅಂಗಳದಲ್ಲಿ ವಿಭೂತಿ, ಕುಂಕುಮ, ನಿಂಬೆಹಣ್ಣು ಕಟ್ಟಿಕೊಂಡು ಮದುಮಗನಂತೆ ನಿಂತಿತ್ತು. ಆಲ್ಟರ್ನೇಟರಿನ ವೈರು ಕರಕಲಾಗಿತ್ತು. ಬ್ಯಾಟರಿ ನೋಡಿದೆ. ಕರಿ ತುದಿ ಟ್ರ್ಯಾಕ್ಟರಿನ ಮೈಗೆ ಹೋಗಬೇಕು, ಇಲ್ಲಿ ಕೆಂಪು ತುದಿ ಹೋಗಿತ್ತು. ಕ್ಲ್ಯಾಂಪು ಆ ದಪ್ಪ ತುದಿಗೆ ಹಿಡಿಸದೆ, ಅದನ್ನು ಅಗಲಿಸಿ ಕಲ್ಲಿನಿಂದ ಬಡಿದು ಕೂಡಿಸಿದ್ದರು.

"ಯಾರ್ ಮಾಡಿದ್ರಿ ಇದನ್ನ?"

"ನಾನಪಾ. ಅಮಾಸಿಗೆ ತೊಳದು ಪೂಜಿ ಮಾಡೂದಿತ್ತಲ್ಲ, ನಿಮ್ಮ ಮಾವಾರು ಮಾಡಿಧಂಗ ಬ್ಯಾಟರಿ ಬಿಚ್ಚಿ ಇಟ್ಟಿದ್ನಿ. ತಿರುಗಿ ಹಾಕುಮುಂದ ಕೂಡವಲ್ದಾತು. ನೀನ ಕ್ಲ್ಯಾಂಪ್ ಸಣ್ಣದ ಹಾಕೀ ಅಂತ ತಿಳಕೊಂಡ್ನಿ."

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ! ಕೂಡವಲ್ದು ಅಂದ್ರ ತಪ್ಪೈತಿ ಅನ್ನೂಷ್ಟು ಖಬರ ಬ್ಯಾಡೇನ್ರಿ? ತಿಳೀದಿದ್ರ ಮುಟ್ಟಬಾರದು!"

ಓಣಿಯ ನಾಲ್ಕು ಮಂದಿ ಇಣುಕಿದರು. ಅವರ ಹಿಂದೆಯೇ ಮೈದುನ ಬಂದ. ಕಟ್ಟೆಯ ಮೇಲೆ ಕುಂತು, ತೊಡೆ ತಟ್ಟಿ ನಕ್ಕ.

"ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ನೋಡ್ರಿ ಮಿಸ್ತ್ರಿ. ನಾ ಹೇಳಿದ್ನಿ, ಗುಜರಿಗೆ ಹಾಕ ಅಂತ."

ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಆದರೆ ಆ ಮಾತನ್ನು ಅವನ ಬಾಯಿಗೆ ಇಟ್ಟುಕೊಟ್ಟವನು ನಾನೇ. ಅಕ್ಕ ಅವನ ಕಡೆ ನೋಡಲಿಲ್ಲ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಮೈಯನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು.

"ಇದನ್ನ ಬರದವರು ಯಾರು?"

ಹಳದಿ ಬಣ್ಣದಲ್ಲಿ ಎರಡೇ ಮಾತು: ಕೆಂಪು ಮಣಿಗೆ. ಒತ್ತಕ್ಷರ ಬಿಟ್ಟು ಬರೆಯುವುದು ನನ್ನ ಹುಟ್ಟುಗುಣ.

ಗಾಡಿಯ ಮೈಗೆ ಕೊಡುವ ತಂತಿಗೆ ನಾವು ಅರ್ಥ್ ಅನ್ನುತ್ತೇವೆ. ಅಕ್ಕನ ಗಂಡನಿಗೆ ಆ ಮಾತು ನೆನಪಿರುತ್ತಿರಲಿಲ್ಲ. ಅದಕ್ಕೇ ಮಣ್ಣು ಅಂದಿದ್ದೆ. "ನಿಮ್ಮ ಡೋಣಿ ಮಣ್ಣು ಕೆಂಪೈತಿ. ಕೆಂಪು ಮಣ್ಣಿಗೆ ಅಂತ ನೆಪ್ಪಿಡ್ರಿ, ಆತು" ಅಂತ ಹೇಳಿ ಬರೆದುಕೊಟ್ಟಿದ್ದೆ. ಹಳೆಯ ಆರು ವೋಲ್ಟಿಗೆ ಅದು ಖರೆಯೇ. ಹನ್ನೆರಡಕ್ಕೆ ತರುವಾಗ ಅದನ್ನು ತಿರುವುಮುರುವು ಮಾಡಿದವನೂ ನಾನೇ. ಬರೆದದ್ದನ್ನು ಅಳಿಸಲಿಲ್ಲ. ಏನೇನು ಬದಲಾಗಿದೆ ಅಂತ ಅಕ್ಕ ಅವತ್ತು ಕೇಳಿದ್ದಳು. "ನಿಮಗ್ಯಾಕ ಬೇಕ್ರಿ ಅದೆಲ್ಲಾ? ಗುಂಡಿ ಒತ್ರಿ, ಸಾಕು" ಅಂದಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

"ತಪ್ಪು ನಂದು," ಅಂದೆ. ಅದು ಗೊಣಗಿದಂತೆ ಬಂತು. ಬೈಯುವಾಗ ಓಣಿಗೆಲ್ಲ ಕೇಳಿಸಿದ ಗಂಟಲು ಈಗ ಎಲ್ಲಿ ಹೋಗಿತ್ತು? ಮೈದುನನ ಕಡೆ ತಿರುಗಿ ಮತ್ತೆ ಕೂಗಿ ಹೇಳಿದೆ: "ಅಕ್ಕಾರು ಬರದದ್ದನ್ನ ಓದಿ ಮಾಡ್ಯಾರ. ತಪ್ಪು ನಂದು! ಕೇಳಿಸ್ತಿಲ್ಲೋ?" ಅವನು ನಗು ನಿಲ್ಲಿಸಿದ, ಕಟ್ಟೆ ಬಿಟ್ಟೇಳಲಿಲ್ಲ.

ಮುಂಡರಗಿಗೆ ಹೋಗಿ ಸಾಮಾನು ತಂದೆ. ಸುಟ್ಟ ವೈರು ಬಿಚ್ಚಿ, ಬೇರೆ ಆಲ್ಟರ್ನೇಟರ್ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಅಕ್ಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಂತಿದ್ದಳು. ಈ ಸಲ ಒಂದೊಂದನ್ನೂ ತೋರಿಸಿ ಹೇಳಿದೆ: ಡೈನಮೋ ಹೇಗಿತ್ತು, ಇದು ಹೇಗೆ, ಉಲ್ಟಾ ಕೊಟ್ಟರೆ ಇದರೊಳಗೆ ಏನು ಸುಡುತ್ತದೆ. ಅವಳು ಎರಡು ಸಲ ಕೇಳಿದಳು, ಎರಡು ಸಲ ಹೇಳಿದೆ.

"ಅಂದ್ರ ಈಗ ಕರಿ ಮಣ್ಣಿಗೆ," ಅಂದಳು. "ನಮ್ಮ ಟ್ರ್ಯಾಕ್ಟರ್ ನಿಮ್ಮ ಗದಗಿನ ಕರಿ ಎರಿ ಹೊಲದ್ದಾತು ನೋಡು."

ನನಗೆ ನಗುವ ಮೋರೆ ಇರಲಿಲ್ಲ. ಹಳೆಯ ಅಕ್ಷರ ಕೆರೆದು ತೆಗೆದು, ಬಣ್ಣದ ಬ್ರಷ್ ಎತ್ತಿಕೊಂಡೆ. ಅವಳು ಅದನ್ನು ಕೈಯಿಂದ ಕಸಿದುಕೊಂಡಳು.

"ನೀ ಬರೀಬ್ಯಾಡ."

ಮುರಿದು ಕೂಡಿದ ಕೈಯಲ್ಲಿ ನಿಧಾನವಾಗಿ ಬರೆದಳು: ಕರಿ ಮಣ್ಣಿಗೆ. ಒತ್ತಕ್ಷರವನ್ನು ದಪ್ಪಗೆ ಎರಡು ಸಲ ತಿದ್ದಿದಳು. ಆಮೇಲೆ ಬ್ಯಾಟರಿ ತಾನೇ ಕೂಡಿಸಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಹೊಸ ಕ್ಲ್ಯಾಂಪು ಕಲ್ಲಿಲ್ಲದೆ ಕೂತಿತು.

ಮೇಲೇರಿ ಕುಂತು ಗುಂಡಿ ಒತ್ತಿದಳು. ಒಂದೇ ಸಲಕ್ಕೆ ಚಾಲೂ ಆಯಿತು. ಮೈದುನ ಕಟ್ಟೆಯಿಂದ ಇಳಿದು ಟ್ರ್ಯಾಕ್ಟರಿನ ಮುಂದೆ ಬಂದು ಏನೋ ಹೇಳಲು ಬಾಯಿ ತೆರೆದ.

"ಹಾದಿ ಬಿಡಪಾ," ಅಂದಳು ಅಕ್ಕ.

ಅವನು ಸರಿದ. ಅವಳು ಗೇರ್ ಹಾಕಿ, ಇನ್ನೂ ಗಾಲಿಯ ಮುಂದೆ ನಿಂತಿದ್ದ ನನ್ನ ಕಡೆ ನೋಡಿದಳು.

"ತಮ್ಮಾ, ನೀನೂ."