ದೇವದುರ್ಗದ ಖಾನಾವಳಿಯಲ್ಲಿ ಉಳಿದ ರೊಟ್ಟಿ

2023ರಲ್ಲಿ ನಾನು ಹೋಟೆಲುಗಳಿಗೆ ಕ್ಯಾಶ್‌ಬ್ಯಾಕ್ ಯೋಜನೆ ಒದಗಿಸುವ ಕಂಪನಿಯೊಂದರಲ್ಲಿ ರಾಯಚೂರು ಜಿಲ್ಲೆಯ ಏರಿಯಾ ಮ್ಯಾನೇಜರ್ ಆಗಿದ್ದೆ. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ಬಿಸ್ಕತ್ತು, ತಂಪು ಪಾನೀಯ ಮಾರಿದವನು. ಗಿರಾಕಿಯ ಮನಸ್ಸು ನನಗೆ ಪೂರ್ತಿ ಗೊತ್ತು ಎಂಬ ಜಂಬವಿತ್ತು. ನಿವೃತ್ತಿಗೆ ಒಂದು ವರ್ಷವಿರುವಾಗ ದೇವದುರ್ಗದ ಒಬ್ಬ ಹೆಣ್ಣುಮಗಳ ಖಾನಾವಳಿಯಲ್ಲಿ ಆ ಜಂಬ ಇಳಿಯಿತು.

ಯೋಜನೆ ಸರಳವಾಗಿತ್ತು. ಗಿರಾಕಿ ಮೊಬೈಲಿನಿಂದ ಬಿಲ್ ಕಟ್ಟಿದರೆ ಅದರ ಹತ್ತು ಪರ್ಸೆಂಟ್ ಅವನ ಆಪ್ ಖಾತೆಗೆ ಮರಳುತ್ತದೆ. ಆ ಹಣವನ್ನು ಅದೇ ಹೋಟೆಲಿನ ಮುಂದಿನ ಊಟಕ್ಕೇ ಬಳಸಬೇಕು. ಹಾಗಾಗಿ ಒಮ್ಮೆ ಬಂದವನು ಮತ್ತೆ ಬರುತ್ತಾನೆ. ನಮ್ಮ ಭಾಷೆಯಲ್ಲಿ ಇದಕ್ಕೆ ಕಸ್ಟಮರ್ ಲಾಯಲ್ಟಿ ಎಂದು ಹೆಸರು. ಮೊದಲ ಆರು ತಿಂಗಳ ಖರ್ಚು ಪೂರ್ತಿ ಕಂಪನಿಯದು, ಆಮೇಲೆ ಹೋಟೆಲಿನವರು ನಮಗೆ ಕಮಿಷನ್ ಕೊಡಬೇಕು. ರಾಯಚೂರು ನಗರದಲ್ಲಿ ಹತ್ತೊಂಬತ್ತು ಹೋಟೆಲು, ಮಾನ್ವಿಯಲ್ಲಿ ಐದು, ದೇವದುರ್ಗದಲ್ಲಿ ಒಂದು ಖಾನಾವಳಿ ನನ್ನ ಪಟ್ಟಿಯಲ್ಲಿದ್ದವು.

ಆ ಒಂದು ಶಿವಲೀಲಮ್ಮನವರದು. ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಎಂಬತ್ತು ರೂಪಾಯಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗೆ. ರೊಟ್ಟಿ ಬಡಿಯುವವರು ಗೌರಮ್ಮ. ಹದಿನಾಲ್ಕು ವರ್ಷದಿಂದ ದಿನಾ ಜಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದರು. ಊಟದ ಕೋಣೆಯ ಗೋಡೆಯ ಮೇಲೆ ಶಿವಲೀಲಮ್ಮನವರ ಅತ್ತೆಯ ಕಾಲದಿಂದಲೂ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆದಿತ್ತು: ಊಟದಲ್ಲಿ ತಪ್ಪು ಕಂಡರೆ ರೊಕ್ಕ ವಾಪಸ್. ಒಂದು ದಿನ ಸಾರು ಸೀದು ಹೋದಾಗ, ಕೇಳುವ ಮೊದಲೇ ಎರಡು ಪಂಕ್ತಿಯವರಿಗೂ ರೊಕ್ಕ ಮರಳಿಸಿದ್ದನ್ನು ಊರವರು ಇನ್ನೂ ಹೇಳುತ್ತಿದ್ದರು. ಆ ಗೋಡೆಬರಹ ನನಗೆ ಬಹಳ ಹಿಡಿಸಿತು. ಫೋಟೊ ಹೊಡೆದು ಮುಖ್ಯ ಕಚೇರಿಗೂ ಕಳಿಸಿದೆ.

ಕೌಂಟರಿನ ಮೇಲೆ ಮಾತಾಡುವ ಡಬ್ಬಿ ಇಟ್ಟೆವು. ಹಣ ಬಂದಾಗ ಗಟ್ಟಿಯಾಗಿ ಹೇಳುವ ಸೌಂಡ್‌ಬಾಕ್ಸ್ ಈಗ ಎಲ್ಲ ಅಂಗಡಿಯಲ್ಲೂ ಇದೆ. ನಮ್ಮದು ಕ್ಯಾಶ್‌ಬ್ಯಾಕನ್ನೂ ಹೇಳುತ್ತಿತ್ತು: "ಎಂಬತ್ತು ರೂಪಾಯಿ ಬಂದಿದೆ. ಎಂಟು ರೂಪಾಯಿ ಗಿರಾಕಿಗೆ ವಾಪಸ್." ಈ ಎರಡನೆಯ ಸಾಲು ಸೇರಿಸಿದ್ದು ನಾನೇ. ಪಕ್ಕದ ಟೇಬಲ್ಲಿನವನ ಕಿವಿಗೂ ಬಿದ್ದು ಅವನಿಗೂ ಆಸೆ ಹುಟ್ಟಲಿ ಎಂಬುದು ನನ್ನ ಜಾಣತನ.

ಮೂರು ವಾರಕ್ಕೆ ಶಿವಲೀಲಮ್ಮ ಫೋನ್ ಮಾಡಿದರು.

"ಸರ, ರೊಟ್ಟಿ ಉಳಿಯಾಕತ್ಯಾವ್ರಿ. ದಿನಾ ಮುನ್ನೂರು ಹೋಗ್ತಿದ್ವು, ಈಗ ಎರಡು ನೂರು ಹೋದ್ರ ಹೆಚ್ಚು."

ನಾನು ಡ್ಯಾಶ್‌ಬೋರ್ಡ್ ತೆರೆದೆ. ಅಂದರೆ ಪ್ರತಿ ಹೋಟೆಲಿನ ವ್ಯವಹಾರವನ್ನು ತೋರಿಸುವ ಕಂಪ್ಯೂಟರ್ ಪುಟ. ಅದರಲ್ಲಿ ದೇವದುರ್ಗದ ಗೆರೆ ಮೇಲಕ್ಕೆ ಹೋಗುತ್ತಿತ್ತು! ಆಕೆ ಕಮಿಷನ್ ಇಳಿಸಿಕೊಳ್ಳಲು ನಾಟಕ ಆಡುತ್ತಿದ್ದಾರೆ ಎಂದೇ ಭಾವಿಸಿದೆ. ಆದರೂ ಇರಲಿ ಎಂದು ಕ್ಯಾಶ್‌ಬ್ಯಾಕನ್ನು ಹದಿನೈದು ಪರ್ಸೆಂಟಿಗೆ ಏರಿಸಿದೆ. ರೊಟ್ಟಿ ನೂರಾ ಎಪ್ಪತ್ತಕ್ಕೆ ಇಳಿಯಿತು. ಇಪ್ಪತ್ತೈದಕ್ಕೆ ಏರಿಸಿದೆ. ನೂರಾ ಇಪ್ಪತ್ತಕ್ಕೆ ಬಂತು.

ನನಗೆ ತಲೆ ಕೆಟ್ಟು ಹೋಯಿತು. ಇದೇ ಯೋಜನೆಗೆ ರಾಯಚೂರಿನಲ್ಲಿ ಜನ ಸಾಲು ನಿಲ್ಲುತ್ತಿದ್ದರು, ಮಾನ್ವಿಯಲ್ಲೂ ಚೆನ್ನಾಗಿ ನಡೆದಿತ್ತು. ಇಲ್ಲಿ ಮಾತ್ರ ಹಣ ಹೆಚ್ಚು ಕೊಟ್ಟಷ್ಟೂ ಜನ ಕಡಿಮೆ. ಹೊಸ ಹೋಟೆಲ್ ಬಂತೇ? ಇಲ್ಲ. ಬಸ್ಸಿನ ಸಮಯ ಬದಲಾಯಿತೇ? ಅದೂ ಇಲ್ಲ. ಬಿತ್ತನೆಯ ದಿನ ಎಂದುಕೊಂಡರೆ, ಬಿತ್ತನೆಯ ದಿನದಲ್ಲೇ ಪೇಟೆಗೆ ಜನ ಹೆಚ್ಚು. ಮುಖ್ಯ ಕಚೇರಿಯವರು ಡೇಟಾ ಸರಿ ಇದೆ ಎಂದರು. ಡೇಟಾ ಸರಿ ಇತ್ತು, ರೊಟ್ಟಿ ಉಳಿದದ್ದೂ ನಿಜವಿತ್ತು. ಎರಡೂ ಹೇಗೆ ನಿಜವಾಗುತ್ತವೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಅತ್ತ ಶಿವಲೀಲಮ್ಮನವರಿಗೆ ತಮ್ಮ ಊಟದ ಮೇಲೇ ಅನುಮಾನ ಹುಟ್ಟಿತ್ತು. ಜೋಳ ಬದಲಿಸಿದರು. ಕುಡಿಯುವ ನೀರು ಬದಲಿಸಿದರು. ಪಾತ್ರೆಗಳನ್ನು ತಾವೇ ಎರಡೆರಡು ಸಲ ತಿಕ್ಕಿದರು. ಯಾವುದರಿಂದಲೂ ಜನ ಮರಳದಿದ್ದಾಗ ಒಂದು ಬೆಳಿಗ್ಗೆ ಗೌರಮ್ಮನವರಿಗೆ, "ನಿನ್ನ ಕೈ ಕೆಟ್ಟದೇನು ಗೌರಿ?" ಎಂದುಬಿಟ್ಟರು. ಗೌರಮ್ಮ ಕೈ ತೊಳೆದುಕೊಂಡು ಜಾಲಹಳ್ಳಿ ಬಸ್ಸು ಹತ್ತಿದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ವಿಷಯ ತಿಳಿದು ನಾನು ದೇವದುರ್ಗಕ್ಕೆ ಹೋದೆ. ಮಧ್ಯಾಹ್ನ ಗಿರಾಕಿಯಂತೆ ಕೂತು ಉಂಡೆ. ಬೇರೆ ಯಾರೋ ಬಡಿದ ರೊಟ್ಟಿ ದಪ್ಪಗಿತ್ತು, ಉಳಿದದ್ದೆಲ್ಲ ರುಚಿಯಾಗಿತ್ತು. ಮಜ್ಜಿಗೆ ಕುಡಿಯುತ್ತ ಟೇಬಲ್ಲಿಗೆ ಅಂಟಿಸಿದ್ದ ಚೀಟಿಯನ್ನು ಸ್ಕ್ಯಾನ್ ಮಾಡಿ ಬಿಲ್ ಕಟ್ಟಿದೆ. ಡಬ್ಬಿ ಕೂಗಿತು: "ಎಂಬತ್ತು ರೂಪಾಯಿ ಬಂದಿದೆ. ಇಪ್ಪತ್ತು ರೂಪಾಯಿ ಗಿರಾಕಿಗೆ ವಾಪಸ್."

ಪಕ್ಕದಲ್ಲಿ ಉಣ್ಣುತ್ತಿದ್ದ ಹಿರಿಯರೊಬ್ಬರ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ನಿಮಗೇನ್ ಸಿಕ್ತ್ರಿ ಸರ?"

"ಇಪ್ಪತ್ತು ರೂಪಾಯಿ," ಎಂದೆ.

"ರೊಕ್ಕ ಅಲ್ರಿ. ಊಟದಾಗ ಏನ್ ಸಿಕ್ತು? ನಾ ಕುಂತಾಗಿಂದ ನಾಕು ಮಂದಿಗಿ ವಾಪಸ್ ಕೊಟ್ರು, ಈಗ ನಿಮಗೂ ಕೊಟ್ರು. ಹುಳಾ ಗಿಳಾ ಇದ್ರ ಹೇಳ್ರಿ, ನಾ ಇಷ್ಟಕ್ಕ ಏಳ್ತೀನಿ." ಎಡಗೈಯಿಂದ ಗೋಡೆಯ ಕೆಂಪು ಅಕ್ಷರ ತೋರಿಸಿದರು.

ನಾನು ಆ ಅಕ್ಷರಗಳನ್ನೂ ಡಬ್ಬಿಯನ್ನೂ ನೋಡಿದೆ. ಮೊಬೈಲಿನಿಂದ ಕಟ್ಟುವವರಿಗೆ ಕ್ಯಾಶ್‌ಬ್ಯಾಕ್ ಏನೆಂದು ಗೊತ್ತಿತ್ತು. ಅವರ ಸಂಖ್ಯೆ ಏರಿತ್ತು, ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತಿದ್ದವರು ಅವರೇ. ನೋಟು ಕೊಟ್ಟು ಉಣ್ಣುವ ಹಳಬರು ಅದರಲ್ಲಿ ಎಂದೂ ಇರಲಿಲ್ಲ. ರೊಕ್ಕ ಮರಳಿತೆಂದರೆ ಊಟ ಕೆಟ್ಟಿದೆ ಎಂದು ಈ ಖಾನಾವಳಿಯೇ ಅವರಿಗೆ ಇಷ್ಟು ವರ್ಷ ಕಲಿಸಿತ್ತು. ನನ್ನ ಡಬ್ಬಿ ಅದನ್ನೇ ದಿನವಿಡೀ ಡಂಗುರ ಹೊಡೆದಿತ್ತು. ವಾಪಸ್ಸಿನ ಮೊತ್ತ ಏರಿದಷ್ಟೂ ತಪ್ಪು ದೊಡ್ಡದೆಂದು ಅವರಿಗೆ ಕಂಡಿತ್ತು. ಮುಖದ ಮೇಲೆ ಹೇಳಿ ಆ ತಾಯಿಯನ್ನು ನೋಯಿಸುವುದೇಕೆಂದು ಅವರು ಸುಮ್ಮನೆ ಬರುವುದು ಬಿಟ್ಟಿದ್ದರು.

ಹಿರಿಯರಿಗೆ ಊಟ ಚೆನ್ನಾಗಿದೆ ಎಂದು ಆಣೆ ಮಾಡಿ ಹೇಳಿ, ಡಬ್ಬಿಯ ವೈರು ಕಿತ್ತೆ. ಶಿವಲೀಲಮ್ಮನವರಿಗೆ ಎಲ್ಲ ಬಿಡಿಸಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ರೊಟ್ಟಿ ಉಳದದ್ದು ಹೋಗ್ಲಿ ಬಿಡ್ರಿ. ಗೌರಿ ಕೈಗಿ ಹೆಸರಿಟ್ನಲ್ರಿ ನಾ. ಅದನ್ನ ಹ್ಯಾಂಗ ವಾಪಸ್ ತಗೊಳ್ಳಲಿ?" ಎಂದು ಕಣ್ಣೊರೆಸಿಕೊಂಡರು.

ಮರುದಿನ ಇಬ್ಬರೂ ಜಾಲಹಳ್ಳಿಗೆ ಹೋದೆವು. ಗೌರಮ್ಮ ಬಾಗಿಲಲ್ಲೇ ನಿಂತು ನನ್ನ ವಿವರಣೆಯನ್ನೆಲ್ಲ ಕೇಳಿದರು. ಶಿವಲೀಲಮ್ಮ ಅವರ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಗೌರಮ್ಮ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ನನ್ನ ಕಡೆ ತಿರುಗಿದರು.

"ನನಗ್ಯಾಕ ಹೇಳ್ತೀರಿ ಸರ? ಬರೋದು ಬಿಟ್ಟವರಿಗಿ ಹೇಳ್ರಿ. ಅವರು ಬಂದು ಉಂಡ್ರ ನಾ ಬರ್ತೀನಿ."

ಶನಿವಾರ ಸಂತೆಯ ದಿನ ಖಾನಾವಳಿಯ ಬಾಗಿಲಲ್ಲಿ ನಿಂತು, ಹೋಗಿ ಬರುವವರಿಗೆಲ್ಲ ಕೇಳುವಂತೆ ಹೇಳಿದೆ. ಡಬ್ಬಿ ಹೇಳಿದ ವಾಪಸ್ ಕಂಪನಿಯ ಉಡುಗೊರೆ, ಊಟದಲ್ಲಿ ಏನೂ ತಪ್ಪಿಲ್ಲ, ತಪ್ಪು ನನ್ನದು ಎಂದೆ. ಒಬ್ಬರು ನಕ್ಕರು. ಇನ್ನೊಬ್ಬರು, "ಹಂಗಾರ ನೋಟು ಕೊಟ್ಟವರಿಗಿ ಆ ಇಪ್ಪತ್ತು ಯಾಕಿಲ್ರಿ?" ಎಂದರು. ಆದರೂ ಮೂರ್ನಾಲ್ಕು ಹಳಬರು ಒಳಗೆ ಬಂದು ಕೂತರು. ಮುಂದಿನ ಸಂತೆಗೆ ಇನ್ನಷ್ಟು ಜನ ಬಂದರು. ಆ ವಾರವೇ ಗೌರಮ್ಮನೂ ಮರಳಿದರು.

ದೇವದುರ್ಗದ ಯೋಜನೆಯನ್ನು ನಾನೇ ಮುಚ್ಚಿದೆ. ಮುಖ್ಯ ಕಚೇರಿಯ ಅರ್ಜಿಯಲ್ಲಿ ಕಾರಣಕ್ಕೆ ಮೂರೇ ಆಯ್ಕೆ ಇದ್ದವು: ಪೈಪೋಟಿ, ದರ, ತಾಂತ್ರಿಕ ದೋಷ. ನಾನು ತಾಂತ್ರಿಕ ದೋಷ ಎಂದು ಗುರುತು ಹಾಕಿದೆ. ದೋಷ ನನ್ನದು ಎಂಬ ಆಯ್ಕೆ ಅಲ್ಲಿರಲಿಲ್ಲ. ಗಿರಾಕಿಯನ್ನು ಉಳಿಸಿಕೊಡಲು ಹೋಗುವವನು, ಅಲ್ಲಿ ಈಗಾಗಲೇ ಇರುವವರು ಯಾವುದನ್ನು ನಂಬಿ ಬರುತ್ತಿದ್ದಾರೆ ಎಂದು ಮೊದಲು ಕೇಳಬೇಕು. ನಾನು ಅದನ್ನು ಕೇಳಲಿಲ್ಲ, ಗೋಡೆಬರಹದ ಫೋಟೊ ಹೊಡೆದುಕೊಂಡು ಬಂದೆ.

ನಿವೃತ್ತನಾದ ಮೇಲೆ ಒಮ್ಮೆ ಅಲ್ಲಿ ಊಟಕ್ಕೆ ಹೋದೆ. ಕೂರಲು ಜಾಗವಿರಲಿಲ್ಲ, ಕಾದು ಉಂಡೆ. ನೂರರ ನೋಟು ಕೊಟ್ಟೆ. ಶಿವಲೀಲಮ್ಮ ಇಪ್ಪತ್ತು ರೂಪಾಯಿ ನನ್ನ ಕೈಗಿಡುವಷ್ಟರಲ್ಲಿ ಅಡುಗೆಮನೆಯಿಂದ, ರೊಟ್ಟಿ ಬಡಿಯುವ ಸದ್ದು ನಿಲ್ಲಿಸಿ, ಗೌರಮ್ಮ ಕೂಗಿದರು:

"ಯಕ್ಕಾ, ಚಿಲ್ಲರ ಅಂತ ಜೋರಾಗಿ ಹೇಳು! ಮಂದಿ ಕುಂತಾರ!"